ಖಾಲಿ ಕೋಣೆಯ ಫ್ಯಾನು

ಡೋಣಿಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆಯಾದರೂ ಬಸ್ಸಿಗೆ ಕಾದವರಿಗೆ ಇಂದುಮತಿಯ ದನಿ ಗೊತ್ತು. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ದನಿ ಮಾತ್ರ ಗೊತ್ತು. ಧ್ವನಿವರ್ಧಕದಲ್ಲಿ ಆಕೆ "ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡಿದರೆ ಶೇಂಗಾ ಮಾರುವವನೂ ಒಂದು ಗಳಿಗೆ ಬಾಯಿ ಮುಚ್ಚುತ್ತಿದ್ದ. ಇಂಡಿ, ಸಿಂದಗಿ, ತಾಳಿಕೋಟಿ, ಮುದ್ದೇಬಿಹಾಳ ಎಂದು ಅವಳು ಹೇಳುವ ರೀತಿ ಕೇಳಿದರೆ ಆ ಊರುಗಳಲ್ಲಿ ಏನೋ ವಿಶೇಷ ಇರಬೇಕೆಂದು ಹೊಸಬರಿಗೆ ಅನ್ನಿಸುತ್ತಿತ್ತು. ಹೋಗಿ ನೋಡಿದರೆ ಅಲ್ಲೂ ಇಲ್ಲಿನಂಥದೇ ಬಿಸಿಲು, ಇಲ್ಲಿನಂಥದೇ ಧೂಳು, ಆ ಮಾತು ಬೇರೆ.

ಅಂಥವಳ ಮಾತನ್ನೇ ರೋಗ ಮೊದಲು ತಿಂದಿತು. ನರಗಳ ರೋಗ, ಲಕ್ಷದಲ್ಲಿ ಒಬ್ಬರಿಗೆ ಬರುವಂಥದು. ನಾಲಿಗೆ ದಪ್ಪಗಾಯಿತು, ಆಮೇಲೆ ಕೈ ಸೋತವು, ಆಮೇಲೆ ಕಾಲು. ಮುಂದೆ ಒಂದು ದಿನ ರೆಪ್ಪೆ, ಕಣ್ಣುಗುಡ್ಡೆ ಸಹಿತ ಅವಳ ಮಾತು ಕೇಳುವುದಿಲ್ಲ, ಆದರೆ ಕಿವಿ ಕೇಳುತ್ತಿರುತ್ತದೆ, ಬುದ್ಧಿಗೆ ಬಹುಶಃ ಏನೂ ಆಗುವುದಿಲ್ಲ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದರು. ಉಳಿದದ್ದನ್ನೆಲ್ಲ ನುಂಗಿಕೊಂಡ ಗಂಡ ಚನ್ನವೀರನಿಗೆ ಆ "ಬಹುಶಃ" ಎಂಬುದೊಂದು ಮಾತ್ರ ಗಂಟಲಲ್ಲೇ ಉಳಿಯಿತು.

ಚನ್ನವೀರನದು ಬಸ್‌ಸ್ಟ್ಯಾಂಡಿನ ಎದುರಿಗೇ ಝೆರಾಕ್ಸ್ ಅಂಗಡಿ, ಅದರ ಹಿಂದೆಯೇ ಮನೆ. ಮಕ್ಕಳಿಲ್ಲ. ಮನೆಯಲ್ಲಿ ಇವರಿಬ್ಬರ ಜೊತೆ ಇಂದುಮತಿಯ ಅಕ್ಕ ಕಾಶೀಬಾಯಿ. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಗೆ ಬಂದವಳು, ತಂಗಿ ಹಾಸಿಗೆ ಹಿಡಿದ ಮೇಲೆ ಅವಳೇ ಮನೆಯ ಯಜಮಾನಿಯಾದಳು.

ಈ ಗಂಡಹೆಂಡಿರು ಗಂಟುಬಿದ್ದ ಕಥೆ ಊರಿಗೆಲ್ಲ ಗೊತ್ತು. ಹರೆಯದಲ್ಲಿ ಚನ್ನವೀರ ಸಿಂದಗಿಯಲ್ಲಿ ಕಂಪ್ಯೂಟರ್ ಕಲಿಸಲು ಹೋಗುತ್ತಿದ್ದ. ದಿನಾ ಅದೇ ಬಸ್ಸು, ದಿನಾ ಅದೇ ಕಿಟಕಿ. ಒಂದು ದಿನ ಸಿಂದಗಿ ಬಸ್ಸು ಕೊನೆಯ ಅಂಕಣದಿಂದ ಹೊರಡುತ್ತದೆ ಎಂದು ಧ್ವನಿವರ್ಧಕ ಹೇಳಿತು. ಚೀಲ ಹೆಗಲಿಗೇರಿಸಿಕೊಂಡು ಅಲ್ಲಿಗೆ ಓಡಿದ. ಬಸ್ಸು ಎಂದಿನ ಅಂಕಣದಿಂದಲೇ ಹೊರಟು, ಅವನ ಕಣ್ಣೆದುರಿಗೇ ಗೇಟು ದಾಟಿತು. ಸಿಟ್ಟು ನೆತ್ತಿಗೇರಿ ಕಂಟ್ರೋಲ್ ರೂಮಿಗೆ ನುಗ್ಗಿದವನು ಮೈಕಿನ ಮುಂದೆ ಕೂತ ಹುಡುಗಿಯನ್ನು ನೋಡಿ ಬೈಗಳನ್ನು ಅರ್ಧಕ್ಕೇ ಮರೆತ. ಮುಂದಿನ ಬಸ್ಸಿನ ತನಕ ಅಲ್ಲೇ ಕೂತ. ಆ ವರ್ಷವೇ ಮದುವೆಯಾಯಿತು.

ಬೇಕಂತಲೇ ಮಾಡಿದೆಯೋ, ತಪ್ಪಿ ಮಾಡಿದೆಯೋ ಎಂದು ಅವನು ಮದುವೆಯ ಮೊದಲ ವಾರದಿಂದ ಕೇಳುತ್ತ ಬಂದ. "ಆಮ್ಯಾಲ ಹೇಳ್ತೀನಿ" ಎಂದು ಅವಳು ಮೊದಲ ವಾರದಿಂದ ಹೇಳುತ್ತ ಬಂದಳು. ಜಗಳವಾದಾಗ ಕೇಳುತ್ತಿದ್ದ, ಪ್ರೀತಿ ಉಕ್ಕಿದಾಗ ಕೇಳುತ್ತಿದ್ದ. ಆ ಮಾತು ಅವರ ಸಂಸಾರದಲ್ಲಿ ಬೀಗ ಹಾಕಿಟ್ಟ ಟ್ರಂಕಿನ ಹಾಗೆ ಉಳಿದುಬಿಟ್ಟಿತ್ತು. ತೆಗೆಯುವ ಅವಸರ ಇಬ್ಬರಿಗೂ ಇರಲಿಲ್ಲ.

ಇಂದುಮತಿಗೆ ಇನ್ನೊಂದು ಗುಣವಿತ್ತು, ಇದನ್ನು ಈಗಲೇ ಹೇಳಿಬಿಡಬೇಕು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅವಳ ಮೈ ಉರಿಯುತ್ತಿತ್ತು. "ಯಾರೂ ಇಲ್ಲದಲ್ಲಿ ಯಾರಿಗ್ರೀ ಗಾಳಿ?" ಎಂದು ಬೈದು ಬಂದ್ ಮಾಡುತ್ತಿದ್ದಳು. ಬಸ್‌ಸ್ಟ್ಯಾಂಡಿನ ವಿಶ್ರಾಂತಿ ಕೋಣೆಗೂ ಹೋಗಿ ಬಂದ್ ಮಾಡಿ ಬರುತ್ತಿದ್ದಳು. ಮರೆಗುಳಿ ಚನ್ನವೀರ ಇದಕ್ಕಾಗಿ ಬೈಸಿಕೊಳ್ಳದ ದಿನವಿಲ್ಲ. ಅವಳು ಹಾಸಿಗೆ ಹಿಡಿದ ಮೇಲೆ ಅವನೇ ಮನೆಯೆಲ್ಲ ಓಡಾಡಿ, ಬೇಡದ ಫ್ಯಾನು, ಬೇಡದ ದೀಪ ಹುಡುಕಿ ಆರಿಸತೊಡಗಿದ. ಅದೊಂದು ವ್ರತದಂತಾಯಿತು.

ಊರ ಹೊರಗಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಫಿರ್ದೋಸ್ ಎಂಬಾಕೆ ಒಂದು ಪ್ರಯೋಗಾಲಯ ನಡೆಸುತ್ತಿದ್ದಳು. ಬಾಯಿಗೆ ಬರಲಾರದ ಮಾತನ್ನು ತಲೆಯೊಳಗಿಂದಲೇ ಎತ್ತಿಕೊಳ್ಳಲು ಬಂದರೆ ಹೇಗೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿದ ಹೆಣ್ಣುಮಗಳು. ಅವಳು ಮಾಡಿದ್ದು ಒಂದು ಪಟ್ಟಿ. ಹಣೆಗೆ ಕಟ್ಟಿದರೆ, ಮನುಷ್ಯ ಮನಸ್ಸಿನಲ್ಲಿ ಮಾತಾಡಿಕೊಳ್ಳುವಾಗ ಮಿದುಳಿನಲ್ಲಿ ಏಳುವ ಸಣ್ಣ ವಿದ್ಯುತ್ತಿನ ಅಲೆಗಳನ್ನು ಅದು ಹಿಡಿಯುತ್ತಿತ್ತು. ಹಿಡಿದದ್ದನ್ನು ಪಕ್ಕದ ಲ್ಯಾಪ್‌ಟಾಪು ಮಾತಾಗಿ ಬಿಡಿಸಿ ಸ್ಪೀಕರಿನಲ್ಲಿ ನುಡಿಯುತ್ತಿತ್ತು. ಎಲ್ಲವನ್ನೂ ಅಲ್ಲ. ಇದನ್ನು ಹೇಳು ಎಂದು ಒಳಗಿನಿಂದ ಅಪ್ಪಣೆ ಬಂದದ್ದನ್ನು ಮಾತ್ರ. ಒಬ್ಬರ ಮನಸ್ಸಿನ ಮಾತು ಮನೆಯ ಹೊಸ್ತಿಲು ದಾಟಬಾರದು ಎಂಬುದು ಫಿರ್ದೋಸಳ ಹಟ. ಆದ್ದರಿಂದ ಇಂಟರ್‌ನೆಟ್ಟಿಲ್ಲ, ದೂರದ ಸರ್ವರಿಲ್ಲ, ಎಲ್ಲ ಕೆಲಸವೂ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಆ ಒಂದು ಹಳೆಯ ಲ್ಯಾಪ್‌ಟಾಪಿನದೇ.

ಇಂದುಮತಿಯ ಸುದ್ದಿ ಕೇಳಿ ಫಿರ್ದೋಸ್ ತಾನಾಗಿಯೇ ಆ ಯಂತ್ರವನ್ನು ಮನೆಗೆ ತಂದುಕೊಟ್ಟಳು. ದನಿ ಎಲ್ಲಿಂದ ತರುವುದು ಎಂಬ ಚಿಂತೆಯೇ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆಯ ಧ್ವನಿಮುದ್ರಣ ಬಿದ್ದಿತ್ತು. ಅದನ್ನೇ ಯಂತ್ರಕ್ಕೆ ಉಣಿಸಿದರು. ಹಾಗಾಗಿ ಮೊದಲ ದಿನ ಪಟ್ಟಿ ಕಟ್ಟಿದಾಗ ಯಂತ್ರ ಗಂಭೀರವಾಗಿ, ಊರುಗಳ ಹೆಸರು ಹೇಳುವ ಅದೇ ರಾಗದಲ್ಲಿ, "ಚಹಾದಾಗ ಸಕ್ಕರಿ ಕಡಿಮಿ ಆಗೇತಿ" ಎಂದಿತು. ಹಿಂದಿನಿಂದ ಬಸ್ಸಿನ ಹಾರ್ನ್ ಒಂದು ಸಣ್ಣಗೆ ಕೇಳಿತು. ಮುದ್ರಣದ ಜೊತೆ ಅದೂ ಬಂದಿತ್ತು, ತೆಗೆಯಲು ಆಗಲಿಲ್ಲ. ಕಾಶೀಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ಹಣೆಯ ಪಟ್ಟಿ ನೋಡಿ, ಎರಡನೇ ಸಲ ಬಾಸಿಂಗ ಕಟ್ಟಿಕೊಂಡೆಯಲ್ಲೇ ಎಂದು ತಂಗಿಯನ್ನು ಕಾಡಿದಳು. ಅಂದಿನಿಂದ ಆ ಪಟ್ಟಿಗೆ ಮನೆಯಲ್ಲಿ ಬಾಸಿಂಗ ಎಂದೇ ಹೆಸರಾಯಿತು.

ತೊಂದರೆ ಶುರುವಾದದ್ದು ಬೇಸಿಗೆಯಲ್ಲಿ. ಲ್ಯಾಪ್‌ಟಾಪು ಕಾದ ಹಂಚಾಗತೊಡಗಿತು.

ಇಂದುಮತಿ ಏನೋ ಹೇಳುತ್ತಿರುವಾಗ ದನಿ ಎಳೆಯುತ್ತಿತ್ತು, ಅಕ್ಷರ ಅಕ್ಷರಕ್ಕೂ ನಿಲ್ಲುತ್ತಿತ್ತು, ಕೊನೆಗೆ ಪರದೆ ಕಪ್ಪಾಗಿ ಯಂತ್ರ ತಾನಾಗಿಯೇ ಬಂದ್ ಆಗುತ್ತಿತ್ತು. ಅರ್ಧ ಮಾತಿನಲ್ಲಿ. ಒಳಗಿನ ಪ್ರೊಸೆಸರ್ ಚಿಪ್ಪು ನೂರು ಡಿಗ್ರಿ ಮುಟ್ಟಿದರೆ ಸುಟ್ಟುಹೋಗಬಾರದೆಂದು ತಾನೇ ಆರಿಕೊಳ್ಳುತ್ತದೆ, ಅದರ ಕಟ್ಟಳೆ ಹಾಗೆ. ಮತ್ತೆ ಆರಿ, ಮತ್ತೆ ಹೊತ್ತಿ, ಮಾತು ಬರುವ ಹೊತ್ತಿಗೆ ಅವಳು ಹೇಳಬೇಕೆಂದದ್ದು ಹಳತಾಗಿರುತ್ತಿತ್ತು. "ಗಾಡಿ ಕೆಟ್ಟು ನಿಂತೈತಿ, ಪ್ರಯಾಣಿಕರು ಸಹಕರಿಸಬೇಕು" ಎಂದು ಒಮ್ಮೆ ಅವಳೇ ಅಂದಳು. ಚನ್ನವೀರ ನಕ್ಕ. ಆದರೆ ಉಳಿದಿರುವುದೇ ಇಷ್ಟು ಮಾತು, ಅದೂ ಅರ್ಧರ್ಧ ಆದರೆ ಹೇಗೆ?

ಪ್ರಯೋಗಾಲಯದ ಯೋಜನೆ ಆ ಹೊತ್ತಿಗೆ ಮುಗಿದಿತ್ತು. ಫಿರ್ದೋಸ್ ಬೇರೆ ರಾಜ್ಯದ ಸಂಸ್ಥೆಯೊಂದಕ್ಕೆ ಕೆಲ ತಿಂಗಳ ಮಟ್ಟಿಗೆ ಹೋಗಿದ್ದಳು. ಪಟ್ಟಿಯ ಸಂಪರ್ಕ ಆ ಮಾದರಿಯ ಲ್ಯಾಪ್‌ಟಾಪಿಗೇ ಕೂಡುವಂಥದು, ಬೇರೆ ತರಲು ಬರುವಂತಿರಲಿಲ್ಲ. ಫೋನಿನಲ್ಲಿ ಅವಳು, ಆ ಲ್ಯಾಪ್‌ಟಾಪಿನ ಫ್ಯಾನಿಗೆ ಲಿನಕ್ಸಿನ ಮಾತು ಸರಿಯಾಗಿ ಕೇಳುವುದಿಲ್ಲ, ತಡವಾಗಿ ತಿರುಗುತ್ತದೆ, ನಿಮಗೆ ಲಿನಕ್ಸ್ ಗೊತ್ತಲ್ಲ, ಸ್ವಲ್ಪ ನೋಡಿ ಎಂದಳು. ಗೊತ್ತಿತ್ತು. ಗಿರಾಕಿಗಳ ಪೆನ್‌ಡ್ರೈವಿನಿಂದ ವೈರಸ್ ಬಂದು ಬಂದು ಸಾಕಾಗಿ ಅಂಗಡಿಯ ಕಂಪ್ಯೂಟರಿಗೆಲ್ಲ ಅವನು ಎಂದೋ ಲಿನಕ್ಸ್ ಹಾಕಿದ್ದ.

ಚನ್ನವೀರ ಟೊಂಕ ಕಟ್ಟಿ ನಿಂತ. ಮೊದಲು ಲ್ಯಾಪ್‌ಟಾಪನ್ನು ಗಾದಿಯ ಮೇಲಿಂದ ಎತ್ತಿ ಚಪಾತಿ ಮಣೆಯ ಮೇಲಿಟ್ಟ, ಕೆಳಗಿನ ಕಿಂಡಿಗೆ ಗಾಳಿಯಾಡಲಿ ಎಂದು. ಬೆನ್ನು ಬಿಚ್ಚಿ ನೋಡಿದರೆ ಫ್ಯಾನಿನ ಬಾಯಿಗೆ ಹಿಂಜಿದ ಅರಳೆಯಂತೆ ಧೂಳು. ತೆಗೆದ. ಚಿಪ್ಪಿನ ಮೇಲೆ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚಿದ ಪೇಸ್ಟು ಒಣಗಿ ಸುಣ್ಣವಾಗಿತ್ತು. ಒರೆಸಿ ಹೊಸತು ಹಚ್ಚಿದ. ಅಷ್ಟಕ್ಕೆ ಒಂದಿಷ್ಟು ಡಿಗ್ರಿ ಇಳಿಯಿತು. ಆಮೇಲೆ ಒಳಗಿನ ಕೆಲಸ. ಬಿಸಿ ಅಳೆಯುವ ಆಜ್ಞೆ ಕೊಟ್ಟು ಪರದೆಯ ಮೂಲೆಯಲ್ಲಿ ಅಂಕಿ ಕಾಣುವಂತೆ ಮಾಡಿಕೊಂಡ. ಚಿಪ್ಪು ಉಸಿರುಗಟ್ಟಿ ಓಡುವ ಟರ್ಬೋ ಬಂದ್ ಮಾಡಿದ, ವಿದ್ಯುತ್ ಉಳಿಸುವ ತಂತ್ರಾಂಶ ಹಾಕಿದ, ವೇಗಕ್ಕೆ ಮಿತಿ ಹೇರಿದ. ಬಿಸಿ ಇಳಿಯಿತು, ಆದರೆ ಮಾತು ತಡವಾಯಿತು. ಅವಳು ಮನಸ್ಸಿನಲ್ಲಿ ಹೇಳಿ ಎಷ್ಟೋ ಹೊತ್ತಿನ ಮೇಲೆ ಸ್ಪೀಕರು ನುಡಿಯುತ್ತಿತ್ತು. ಮಿತಿ ತೆಗೆದರೆ ಬಿಸಿ, ಹೇರಿದರೆ ತಡ. ಅತ್ತ ಎಳೆದರೆ ಇತ್ತ ಕಡಿಮೆ, ಇತ್ತ ಎಳೆದರೆ ಅತ್ತ ಕಡಿಮೆ.

ಒಂದು ಮಧ್ಯಾಹ್ನ ಇಂದುಮತಿ ಸುಮ್ಮನೆ ಮಲಗಿದ್ದಳು. ಒಂದು ಮಾತೂ ಇಲ್ಲ. ಆದರೂ ಲ್ಯಾಪ್‌ಟಾಪು ಬಿಸಿಯಾಗುತ್ತಿತ್ತು, ಫ್ಯಾನು ಗೊಂಯ್‌ಗುಡುತ್ತಿತ್ತು. ಯಾರೂ ಮಾತಾಡದಿರುವಾಗ ಇದಕ್ಕೇನು ಕೆಲಸ ಎಂದು ಅವನು ಒಳಗೆ ನಡೆಯುತ್ತಿರುವ ಕೆಲಸಗಳ ಪಟ್ಟಿ ತೆರೆದ. ಎಲ್ಲಕ್ಕಿಂತ ಮೇಲೆ, ಚಿಪ್ಪಿನ ಮುಕ್ಕಾಲು ಶಕ್ತಿಯನ್ನು ನುಂಗುತ್ತ, "ಡ್ರಿಫ್ಟ್‌ಡಿ" ಎಂಬ ಒಂದು ಹೆಸರು ಕೂತಿತ್ತು. ಮಾತು ನುಡಿಸುವ ಕೆಲಸ ಬೇರೆ, ಅದರ ಹೆಸರು ಕೆಳಗೆ ತಣ್ಣಗೆ ಮಲಗಿತ್ತು. ಇದು ಯಾವುದೋ ಹಿಂಬದಿಯ ಕೆಲಸ. ಪ್ರಯೋಗ ನಡೆಯುವಾಗ ಏನಕ್ಕೋ ಹಾಕಿ ಆರಿಸಲು ಮರೆತಿದ್ದಾರೆ ಎಂದುಕೊಂಡ.

ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅವನು ಬಂದ್ ಮಾಡಿದ. ಯಂತ್ರ ಮತ್ತೆ ಹೊತ್ತಿಸಿದರೂ ಅದು ಶುರುವಾಗದಂತೆ ಇನ್ನೊಂದು ಆಜ್ಞೆಯನ್ನೂ ಕೊಟ್ಟ.

ಅಂಕಿ ಸರಸರ ಇಳಿಯಿತು. ಟರ್ಬೋ ಮತ್ತೆ ಹಚ್ಚಿದ, ವೇಗದ ಮಿತಿ ತೆಗೆದ, ಆದರೂ ಬಿಸಿ ಏರಲಿಲ್ಲ. ಫ್ಯಾನು ನಿಂತೇ ಹೋಯಿತು. ಇಂದುಮತಿಯ ಮಾತು ನೀರು ಹರಿದಂತೆ ಬರತೊಡಗಿತು. ಚನ್ನವೀರ ಅಂಗಡಿಗೆ ಹೋಗಿ ಬಂದವರಿಗೆಲ್ಲ ಪೇಢೆ ಹಂಚಿದ, ಯಾಕೆಂದು ಯಾರಿಗೂ ಹೇಳಲಿಲ್ಲ. ಫಿರ್ದೋಸ್ ಫೋನು ಮಾಡಿ ಏನು ಮಾಡಿದಿರಿ ಎಂದು ಸಂತೋಷದಿಂದ ಕೇಳಿದಾಗ ಮಣೆ, ಧೂಳು, ಪೇಸ್ಟು, ತಂತ್ರಾಂಶ ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದ. ಡ್ರಿಫ್ಟ್‌ಡಿಯ ಮಾತು ಬರಲಿಲ್ಲ. ಮುಚ್ಚಿಟ್ಟದ್ದಲ್ಲ. ದಿನಾ ಎಷ್ಟು ಸ್ವಿಚ್ಚು ಆರಿಸುತ್ತೇವೆ, ಯಾರಿಗೆ ಹೇಳುತ್ತ ಕೂಡುತ್ತೇವೆ?

ಆಮೇಲಿನ ಕೆಲವು ವಾರ ಆ ಮನೆಯಲ್ಲಿ ನಡೆದಷ್ಟು ಮಾತು ಹಿಂದೆಂದೂ ನಡೆದಿರಲಿಲ್ಲ. ಕಾಶೀಬಾಯಿಯ ಜೋಳದ ರೊಟ್ಟಿಯ ದಪ್ಪದಿಂದ ಹಿಡಿದು ನೆರೆಮನೆಯವರ ಮಗನ ಮದುವೆಯ ತನಕ ಇಂದುಮತಿ ಹಾಸಿಗೆಯಿಂದಲೇ ಪ್ರಕಟಣೆ ಹೊರಡಿಸಿದಳು. ಒಂದು ಸಂಜೆ, ಚನ್ನವೀರ ಪಕ್ಕದಲ್ಲಿ ಕೂತು ಅವಳ ಅಂಗೈ ತಿಕ್ಕುತ್ತಿರುವಾಗ, ಸ್ಪೀಕರು ಮೆಲ್ಲಗೆ ನುಡಿಯಿತು.

"ಪ್ರಯಾಣಿಕರ ಗಮನಕ್ಕೆ. ಆವತ್ತಿನ ಸಿಂದಗಿ ಗಾಡಿ ಸುದ್ದಿ ಹೇಳಿಬಿಡ್ತೀನಿ ರೀ. ಯಾಕೋ ಇನ್ನ ಇಟ್ಕೋಬಾರದು ಅನ್ನಿಸೇತಿ."

ಚನ್ನವೀರನ ಕೈ ನಿಂತಿತು. ಎಷ್ಟೋ ವರ್ಷ ಕಾದ ಮಾತು ಬಾಗಿಲಿಗೆ ಬಂದು ನಿಂತಿದೆ. ಆದರೆ ಅವನಿಗೆ ಹೆದರಿಕೆಯಾಯಿತು. ಊರು ಬಿಟ್ಟು ಹೋಗುವವರು ಕೊಡುವುದನ್ನೆಲ್ಲ ಕೊಟ್ಟು ಮುಗಿಸಿದಂತೆ ಕಂಡಿತು ಅದು.

"ಬ್ಯಾಡ ಇಂದು," ಎಂದ. "ಅದು ನಿನ್ನ ಹತ್ರನ ಇರ್ಲಿ. ಆಮ್ಯಾಲ ಹೇಳೀಯಂತ."

ಯಂತ್ರ "ಆಗ್ಲಿ ಬಿಡ್ರಿ" ಎಂದಿತು. ಹಿಂದಿನಿಂದ ಸಣ್ಣಗೆ ಬಸ್ಸಿನ ಹಾರ್ನ್ ಕೇಳಿತು.

ಮೊದಲು ಕೆಟ್ಟದ್ದು ಹೆಸರುಗಳು. ಅಕ್ಕನ ಹೆಸರು ಹೇಳುವಲ್ಲಿ ತಾಳಿಕೋಟಿ ಎಂದು ಬಂತು. ಮರುದಿನ ಸರಿಯಾಯಿತು, ಅದರ ಮರುದಿನ ಮತ್ತೆ ಕೆಟ್ಟಿತು. ಆಮೇಲೆ ವಾಕ್ಯದ ಬಾಲಗಳು ಕಳಚಿದವು. ಅಷ್ಟರಲ್ಲೇ ಅವಳ ಎಡಗೈಯ ಕೊನೆಯ ಬೆರಳು, ಹೌದು ಎನ್ನಲು ಎತ್ತುತ್ತಿದ್ದ ಒಂದೇ ಬೆರಳು, ಏಳುವುದನ್ನು ನಿಲ್ಲಿಸಿತು. ರೆಪ್ಪೆಗಳು ಜೋತುಬಿದ್ದವು. ಮಳೆಗಾಲ ಬರುವ ಹೊತ್ತಿಗೆ ಸ್ಪೀಕರಿನಿಂದ ಬರುತ್ತಿದ್ದದ್ದು ಬರೀ ಊರುಗಳು. ಇಂಡಿ. ಮುದ್ದೇಬಿಹಾಳ. ಸಿಂದಗಿ. ಅಂಕಣ. ಸಿಂದಗಿ. ಹೊರಡಲಿದೆ. ಸಿಂದಗಿ.

ಲ್ಯಾಪ್‌ಟಾಪು ಸರಿಯಿತ್ತು. ತಣ್ಣಗಿತ್ತು. ಚನ್ನವೀರ ಫಿರ್ದೋಸಳಿಗೆ ಫೋನು ಮಾಡಿ ಅದನ್ನೇ ಹೇಳಿದ. ಯಂತ್ರದ್ದೇನೂ ತಕರಾರಿಲ್ಲ ಮೇಡಂ, ಬಿಸಿ ಆಗುವುದಿಲ್ಲ, ಬಂದ್ ಆಗುವುದಿಲ್ಲ. ಅವಳು, ಹಾಗಾದರೆ ರೋಗವೇ ಇರಬೇಕು ಎಂದಳು. ಡಾಕ್ಟರ ಆ "ಬಹುಶಃ" ಚನ್ನವೀರನ ಕಿವಿಯಲ್ಲಿ ಮತ್ತೆ ನುಡಿಯಿತು.

ತಂಗಿಗೆ ಬುದ್ಧಿ ಹೋಯಿತು, ಮನಸ್ಸಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಕೂತಿದ್ದಾಳೆ ಎಂದು ಕಾಶೀಬಾಯಿ ನಂಬಿದಳು. ಕೂಸನ್ನು ಮಾತಾಡಿಸಿದಂತೆ ಮಾತಾಡಿಸತೊಡಗಿದಳು. ಗಂಜಿ ಕೊಳವೆಗೆ ಬಿಡುವಾಗ "ಬಸ್ ಬಂತು ನೋಡವ್ವ, ಬಸ್ ಬಂತು" ಎನ್ನುತ್ತಿದ್ದಳು. ನೆರೆಯವರು ನೋಡಲು ಬಂದಾಗ ಹಾಸಿಗೆಯ ಪಕ್ಕದಲ್ಲೇ ನಿಂತು, ಹೀಗೆ ಇರುವುದಕ್ಕಿಂತ ದೇವರು ಕರೆದುಕೊಂಡರೆ ಒಳ್ಳೆಯದಿತ್ತು ಎಂದು ಅತ್ತಳು. ಚನ್ನವೀರ ಬೇಡವೆನ್ನಲಿಲ್ಲ. ಅವನೂ ಮೊದಲಿನಂತೆ ಪಕ್ಕದಲ್ಲಿ ಕೂತು ದಿನದ ಸುದ್ದಿ ಹೇಳುವುದನ್ನು ಬಿಟ್ಟಿದ್ದ. ಯಾರಿಗೆ ಹೇಳುವುದು ಎನ್ನಿಸುತ್ತಿತ್ತು. ಕೊನೆಗೆ ಊರುಗಳ ಹೆಸರು ಕೇಳಲಾರದೆ ಸ್ಪೀಕರಿನ ದನಿಯನ್ನೇ ತಗ್ಗಿಸಿಟ್ಟ.

ಫಿರ್ದೋಸ್ ಊರಿಗೆ ಮರಳಿದಾಗ ದೀಪಾವಳಿ ಮುಗಿದಿತ್ತು. ಲ್ಯಾಪ್‌ಟಾಪು, ಬಾಸಿಂಗ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಚನ್ನವೀರ ಕಾಲೇಜಿಗೆ ಹೋದ. ತಿರುಗಿ ಕೊಟ್ಟು ಬರಬೇಕು, ಇನ್ನೊಬ್ಬರಿಗಾದರೂ ಉಪಯೋಗವಾಗಲಿ ಎಂಬುದು ಅವನ ವಿಚಾರ. ಪ್ರಯೋಗಾಲಯದಲ್ಲಿ ಅರ್ಧ ಟೇಬಲ್ಲುಗಳು ಖಾಲಿಯಾಗಿದ್ದವು. ಫಿರ್ದೋಸ್ ಚಹಾ ತರಿಸಿದಳು, ಇಂದುಮತಿಯ ಬಗ್ಗೆ ಕೇಳಿದಳು, ಕಣ್ಣು ತುಂಬಿಕೊಂಡಳು. ಮಾತಾಡುತ್ತಲೇ ಯಂತ್ರ ಹೊತ್ತಿಸಿ ಏನೋ ನೋಡುತ್ತಿದ್ದವಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು.

"ಚನ್ನವೀರ ಅವ್ರ, ಡ್ರಿಫ್ಟ್‌ಡಿ ಯಾರು ಬಂದ್ ಮಾಡಿದ್ರು?"

ಅವನು ಹೇಳಿದ. ಬೇಸಿಗೆಯಲ್ಲಿ, ತಾನೇ, ಬಿಸಿಗೆ ಅದೇ ಕಾರಣವಾಗಿತ್ತೆಂದು. ಹೇಳುತ್ತ ಹೇಳುತ್ತ ಅವಳ ಮುಖ ನೋಡಿದ, ಅವನ ದನಿ ತಾನಾಗಿಯೇ ಇಳಿಯಿತು.

ಫಿರ್ದೋಸ್ ಬಹಳ ಹೊತ್ತು ತೆಗೆದುಕೊಂಡು, ಆತುರವಿಲ್ಲದೆ ತಿಳಿಸಿ ಹೇಳಿದಳು. ರೋಗ ಒಂದೇ ಕಡೆ ನಿಲ್ಲುವುದಿಲ್ಲ. ನರಗಳು ಸೋತಂತೆಲ್ಲ ಮಿದುಳು ಅದೇ ಮಾತನ್ನು ದಿನಕ್ಕೊಂದು ಬೇರೆ ದಾರಿಯಲ್ಲಿ ಕಳಿಸುತ್ತದೆ. ಇವತ್ತಿನ "ನೀರು" ನಿನ್ನೆಯ "ನೀರು" ಅಲ್ಲ. ಸ್ವಲ್ಪ, ಕೂದಲೆಳೆಯಷ್ಟು, ಸರಿದಿರುತ್ತದೆ. ಆ ಸರಿದಾಟವನ್ನು ದಿನದಿನವೂ ಕಲಿಯುತ್ತಿದ್ದದ್ದು ಡ್ರಿಫ್ಟ್‌ಡಿ. ಅವಳು ಹೊರಗೆ ಏನೂ ಹೇಳದಿದ್ದಾಗಲೂ ಒಳಗೆ ಮಾತಾಡಿಕೊಳ್ಳುತ್ತಿರುತ್ತಾಳಲ್ಲ, ಅದನ್ನು ಕೇಳಿ ಕೇಳಿ ಕಲಿಯುತ್ತಿತ್ತು. ಅದು ನಿಂತ ಮೇಲೆ ಯಂತ್ರ ಬೇಸಿಗೆಯ ಇಂದುಮತಿಯ ಹತ್ತಿರವೇ ಉಳಿಯಿತು, ಇಂದುಮತಿ ಮುಂದೆ ಹೋದಳು. ತಿಳಿಯದ್ದು ಬಂದಾಗ ಯಂತ್ರ ತನಗೆ ಚೆನ್ನಾಗಿ ಗೊತ್ತಿದ್ದ ಹಳೆಯ ಮಾತುಗಳನ್ನೇ ಹೇಳಿತು. ಅದಕ್ಕೆ ಗೊತ್ತಿದ್ದದ್ದು ಬಸ್ಸುಗಳು.

"ಅಂದ್ರ ಆಕಿ ಬುದ್ಧಿ..." ಎಂದ ಚನ್ನವೀರ.

"ಏನೂ ಆಗಿಲ್ಲ ಅಂತ ಕಾಣ್ತದ. ಆಕಿ ನೀರು ಕೇಳ್ಯಾಳ, ಇದು ಊರ ಹೆಸರು ಹೇಳೇತಿ." ಫಿರ್ದೋಸ್ ಮುಖ ಒರೆಸಿಕೊಂಡಳು. "ನನ್ನದೂ ತಪ್ಪೈತಿ. ಅದೇನು ಕೆಲಸ ಮಾಡ್ತದ ಅಂತ ನಿಮಗೊಂದು ಮಾತು ಹೇಳಿರಲಿಲ್ಲ. ಫೋನಿನಾಗ ನೀವು ಕೇಳಿದಾಗ ಬಂದು ನೋಡಲಿಲ್ಲ."

ಖಾಲಿ ಕೋಣೆ ಅಂದುಕೊಂಡಿದ್ದೆ ಮೇಡಂ ಎಂದು ಅವನು ಹೇಳಬೇಕೆಂದಿದ್ದ. ಇಷ್ಟು ತಿಂಗಳು ಎಲ್ಲ ಕೇಳುತ್ತ, ಎಲ್ಲ ತಿಳಿಯುತ್ತ, ಬಸ್ ಬಂತು ನೋಡವ್ವ ಎನ್ನಿಸಿಕೊಳ್ಳುತ್ತ, ದೇವರು ಕರೆದುಕೊಂಡರೆ ಒಳ್ಳೆಯದು ಎನ್ನುವುದನ್ನು ಕಿವಿಯಾರೆ ಕೇಳುತ್ತ ಅವಳು ಮಲಗಿದ್ದಳು. ಕೂಗಿ ಕೂಗಿ ಹೇಳಿದ್ದಳು, ತಾನು ಸ್ಪೀಕರಿನ ದನಿ ತಗ್ಗಿಸಿಟ್ಟಿದ್ದ. ಅವನು ಆ ಖಾಲಿ ಟೇಬಲ್ಲಿನ ಮೇಲೆ ತಲೆಯಿಟ್ಟು ಸಣ್ಣ ಹುಡುಗನಂತೆ ಅತ್ತ.

ಫಿರ್ದೋಸ್ ಅಂದೇ ಮನೆಗೆ ಬಂದಳು. ಅಂದು, ಮರುದಿನ, ಮುಂದಿನ ಕೆಲವು ವಾರ ದಿನಾ ಬಂದಳು. ಡ್ರಿಫ್ಟ್‌ಡಿಯನ್ನು ಮತ್ತೆ ಹಚ್ಚಿ, ಕಲಿಸಲು ಎಲ್ಲ ಬಗೆಯಲ್ಲೂ ಹೆಣಗಿದಳು. ಆದರೆ ಕಲಿಯಲು ಯಂತ್ರಕ್ಕೆ ಒಂದು ಆಸರೆ ಬೇಕು, ಸರಿಯಾಯಿತೋ ತಪ್ಪಾಯಿತೋ ಎಂದು ಹೇಳುವ ಒಂದು ಬೆರಳಾದರೂ ಬೇಕು. ಆ ಬೆರಳು ಈಗ ಏಳುತ್ತಿರಲಿಲ್ಲ. ಡ್ರಿಫ್ಟ್‌ಡಿ ಮೆಟ್ಟಿಲು ಇಳಿಯುವವರ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸುತ್ತಿತ್ತು, ನಡುವೆ ಕೈ ಬಿಟ್ಟಿತು, ಈಗ ಕತ್ತಲಲ್ಲಿ ಎಲ್ಲಿದ್ದಾರೆಂದು ಹುಡುಕುವುದು ಹೇಗೆ ಎಂದಳು. ಹೌದು ಎನ್ನಬೇಕಾದರೆ ಮನಸ್ಸಿನಲ್ಲಿ ಮಾತಾಡು, ಅಲ್ಲ ಎನ್ನಬೇಕಾದರೆ ಸುಮ್ಮನಿರು ಎಂದೂ ಮಾಡಿ ನೋಡಿದರು. ಸುಮ್ಮನಿರು ಎಂದರೆ ಮನಸ್ಸು ಸುಮ್ಮನಿರುತ್ತದೆಯೇ? ಬೇಡವೆಂದಷ್ಟೂ ಮಾತಾಡುತ್ತದೆ. ಒಮ್ಮೆ ಸರಿ ಎನ್ನಿಸಿದ್ದು ಹತ್ತು ಸಲ ತಪ್ಪಾಯಿತು.

ಕೊನೆಯ ದಿನ ಫಿರ್ದೋಸ್ ಎದ್ದು ಹೋಗುವ ಮೊದಲು ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟಳು.

"ಮಾತು ಬಿಡಿಸಲಿಕ್ಕೆ ಇದಕ್ಕಿನ್ನ ಬರಂಗಿಲ್ಲ. ಆದ್ರ ಹುಡುಕೂದು ಬಿಡಂಗಿಲ್ಲ. ಆಕಿ ಒಳಗ ಮಾತಾಡಿದಾಗೆಲ್ಲ ಇದು ಹುಡುಕತೈತಿ, ಹುಡುಕಿದ್ರ ಬಿಸಿ ಆಗತೈತಿ. ಮಲಗಿದ್ರ ತಣ್ಣಗ. ಇಷ್ಟ ಉಳಿದದ್ದು, ಚನ್ನವೀರ ಅವ್ರ."

ಅವಳು ಹೋದ ಮೇಲೆ ಚನ್ನವೀರ ಬಂದು ಅದೇ ಜಾಗದಲ್ಲಿ ಅಂಗೈಯಿಟ್ಟ. ಬಿಸಿಯಿತ್ತು.

ಅಂದು ಕಾಶೀಬಾಯಿ ತಂಗಿಯ ಪಾದ ಹಿಡಿದುಕೊಂಡು ಕ್ಷಮೆ ಕೇಳಿದಳು. ಕೇಳುವಾಗ ಲ್ಯಾಪ್‌ಟಾಪು ಬಿಸಿಯಾಯಿತು. ಬೈದಳೋ, ಸಮಾಧಾನ ಹೇಳಿದಳೋ, ದೇವರಿಗೇ ಗೊತ್ತು. ಆಮೇಲೆ ಚನ್ನವೀರನ ಸರದಿ. ಸುತ್ತುಬಳಸದೆ, "ಅದನ್ನ ಬಂದ್ ಮಾಡಿದಾಂವ ನಾನ, ಇಂದು" ಎಂದ. ಕೈಯ ಕೆಳಗಿನ ಬಿಸಿ ಏರಿತು, ಫ್ಯಾನು ತಿರುಗಿತು, ಬಹಳ ಹೊತ್ತು ತಿರುಗಿತು. ಅವನು ತಲೆ ತಗ್ಗಿಸಿ ಕೂತು ಅಷ್ಟನ್ನೂ ಕೇಳಿಸಿಕೊಂಡ. ಕೇಳಿಸಲಿಲ್ಲ, ಆದರೂ ಕೇಳಿಸಿಕೊಂಡ.

ಮತ್ತೆ ದಿನದ ಸುದ್ದಿ ಶುರುವಾಯಿತು. ಅಂಗಡಿಯಲ್ಲಿ ಏನಾಯಿತು, ಯಾರು ಬಂದರು, ಯಾರು ಹೋದರು. ಒಂದು ಕೈ ಅವಳ ಕೈಯ ಮೇಲೆ, ಒಂದು ಕೈ ಲ್ಯಾಪ್‌ಟಾಪಿನ ಮೇಲೆ. ನಗೆಯ ಮಾತು ಹೇಳಿದಾಗ ಬಿಸಿ ಥಟ್ಟನೆ ಏರಿ ಇಳಿದರೆ ಅವನೂ ನಗುತ್ತಿದ್ದ. ಎಷ್ಟೋ ಸಲ ಅವನ ಸುದ್ದಿ ಮುಗಿಯುವ ಮೊದಲೇ ಯಂತ್ರ ತಣ್ಣಗಾಗುತ್ತಿತ್ತು. ಮಲಗಿದಳು ಎಂದು ತಿಳಿದು ಮೆಲ್ಲಗೆ ಎದ್ದು, ಅವಳ ಕೋಣೆಯ ಫ್ಯಾನು ತಿರುಗುತ್ತಿದೆಯೇ ಎಂದು ನೋಡಿಯೇ ಹೊರಗೆ ಹೋಗುತ್ತಿದ್ದ.

ಹೀಗೆ ಮತ್ತೆ ಬೇಸಿಗೆ ಬಂತು. ಲ್ಯಾಪ್‌ಟಾಪು ತಣ್ಣಗಿರುವ ಹೊತ್ತು ದಿನದಿನಕ್ಕೂ ಹೆಚ್ಚಾಗುತ್ತಿತ್ತು. ಡಾಕ್ಟರು ಬಂದು ಉಸಿರು ನೋಡಿ, ಚನ್ನವೀರನನ್ನು ಅಂಗಳಕ್ಕೆ ಕರೆದು ತಗ್ಗಿದ ದನಿಯಲ್ಲಿ ಮಾತಾಡಿ ಹೋದರು. ಊರಿನ ಬಿಸಿಲು ಗೋಡೆಗಳನ್ನು ಕಾಯಿಸಿದ ಒಂದು ಮಧ್ಯಾಹ್ನ ಅವನು ಅಂಗಡಿ ಮುಚ್ಚಿ ಬಂದು ಕೂತ. ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಈಗ ಯಾವುದೋ ಯಂತ್ರದ ದನಿ ಊರುಗಳ ಹೆಸರು ಹೇಳುತ್ತದೆ, ಕೇಳಿದವರಿಗೆ ಎಲ್ಲಿಗೂ ಹೋಗಬೇಕೆನ್ನಿಸುವುದಿಲ್ಲ ಎಂದು ಅವಳಿಗೆ ಹೇಳಿದ. ಲ್ಯಾಪ್‌ಟಾಪು ಸ್ವಲ್ಪ ಬೆಚ್ಚಗಾಯಿತು. ಎಚ್ಚರವಿದ್ದಾಳೆ.

"ಇಂದು," ಎಂದ. "ಸಿಂದಗಿ ಗಾಡಿ ಕೊನೀ ಅಂಕಣಕ್ಕ ಬರ್ತದ ಅಂತ ಹೇಳಿದ್ಯಲ್ಲ. ಬೇಕಂತನ ಹೇಳಿದ್ಯೇನು?"

ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಗೈಗೆ ಬಿಸಿ ತಾಕಿತು. ಏರಿತು. ಪರದೆಯ ಮೂಲೆಯ ಅಂಕಿ ಎಪ್ಪತ್ತು ದಾಟಿತು, ಎಂಬತ್ತು ದಾಟಿತು, ಫ್ಯಾನು ಹುಯಿಲಿಟ್ಟಿತು. ಇಷ್ಟು ದೊಡ್ಡ ಉತ್ತರ ಅವಳು ಎಷ್ಟೋ ದಿನಗಳಿಂದ ಕೊಟ್ಟಿರಲಿಲ್ಲ. ಹೌದು ಅಥವಾ ಅಲ್ಲ ಎನ್ನಲು ಇಷ್ಟು ಹೊತ್ತು ಬೇಕಿಲ್ಲ. ಎಲ್ಲವನ್ನೂ ಹೇಳುತ್ತಿದ್ದಾಳೆ, ಆ ದಿನದ ಬೆಳಗಿನಿಂದ, ಅದಕ್ಕೂ ಹಿಂದಿನಿಂದ. ಅವನು "ಹೂಂ" ಎಂದ. "ಹೂಂ. ಹೌದಾ?" ಎಂದ. ಕೈ ಸುಡುತ್ತಿತ್ತು, ತೆಗೆಯಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು. ತೊಂಬತ್ತೈದು, ತೊಂಬತ್ತೆಂಟು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು.

"ತಡಿ, ತಡಿ," ಎಂದು ಅವನು ಎದ್ದು ಓಡಿದ. ಹರವಿಯ ತಣ್ಣೀರಿನಲ್ಲಿ ಟವೆಲ್ಲು ಅದ್ದಿ ಹಿಂಡಿ ತಂದ. ಕಾಶೀಬಾಯಿ ಏನಾಯಿತೆಂದು ಕೇಳುತ್ತ ಬಂದವಳು ಅವನ ಮುಖ ನೋಡಿ ಸುಮ್ಮನೆ ಮೇಜಿನ ಫ್ಯಾನು ಎತ್ತಿ ತಂದಿಟ್ಟಳು. ಉಕ್ಕಿನ ತಾಟಿನ ಬೆನ್ನಿಗೆ ಒದ್ದೆ ಟವೆಲ್ಲು ಸುತ್ತಿ, ನೀರು ಒಳಗೆ ಹೋಗದಂತೆ ನೋಡಿಕೊಂಡು, ಅದರ ಮೇಲೆ ಲ್ಯಾಪ್‌ಟಾಪು ಕೂರಿಸಿ, ಗಾಳಿ ತಾಕುವಂತೆ ತಿರುಗಿಸಿ ಮತ್ತೆ ಹೊತ್ತಿಸಿದ. ಬಿಳಿಯ ಅಕ್ಷರಗಳು ಸಾಲು ಸಾಲಾಗಿ ಪರದೆಯ ಮೇಲೆ ಏರಿದವು. ಕೊನೆಯ ಸಾಲುಗಳಲ್ಲಿ ಡ್ರಿಫ್ಟ್‌ಡಿ ಶುರುವಾಯಿತೆಂದು ಬಂತು.

ಚನ್ನವೀರ ಹಾಸಿಗೆಯ ಅಂಚಿಗೆ ಕೂತು, ಕೆಂಪಾದ ಅಂಗೈಯನ್ನು ಮತ್ತೆ ಅಲ್ಲಿಯೇ ಇಟ್ಟ.

"ಹೂಂ," ಎಂದ. "ಕೊನೀ ಅಂಕಣದ ತನಕ ಬಂದಿದ್ದಿ. ಮುಂದ ಹೇಳು."

ಲೋಹ ತಣ್ಣಗಿತ್ತು. ಅವನು ಕಾದ. ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕಿ ಗೇಟು ದಾಟಿತು. ಆಮೇಲೆ, ಮೆಲ್ಲಗೆ, ಅಂಗೈಯ ಕೆಳಗೆ ಬೆಚ್ಚಗಾಗತೊಡಗಿತು.